ಕೊಂಬಿನ ವಯಸ್ಸು

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳಿಗಿಂತ ದಪ್ಪ. ಹಳದಿ ಬಣ್ಣ, ಸ್ವಲ್ಪ ಬಾಗಿದ್ದು. ತುದಿಯನ್ನು ಅರದಿಂದ ಉಜ್ಜಿ ಚೂಪು ಮಾಡಿಟ್ಟಿದ್ದರು. ಟಗರಿನ ಕೊಂಬಿನ ಮೇಲೆ ಆ ಉಗುರನ್ನು ಬುಡದಿಂದ ತುದಿಯವರೆಗೆ ಎಳೆದರೆ ಟಕ್ ಟಕ್ ಎಂದು ಸದ್ದು ಬರುತ್ತಿತ್ತು. ಒಂದೊಂದು ಸದ್ದಿಗೆ ಒಂದೊಂದು ವರ್ಷ. ನಿಜವಾಗಿ ಬರುತ್ತಿತ್ತೇ, ಇಲ್ಲ ನಾನೇ ಆಮೇಲೆ ಸೇರಿಸಿಕೊಂಡೆನೇ ಎಂದು ಈಗ ಅನುಮಾನ. ದುಬೈಯ ರಾಸ್ ಅಲ್ ಖೋರ್‌ನ ಆ ಶೆಡ್ಡಿನ ಪಕ್ಕದಲ್ಲೇ ಗಾಡಿಗಳ ಡೆಂಟ್ ತೆಗೆಯುವ ಗ್ಯಾರೇಜು, ದಿನವಿಡೀ ಸುತ್ತಿಗೆಯ ಪೆಟ್ಟು. ಆ ಗಲಾಟೆಯಲ್ಲಿ ಉಗುರಿನ ಸದ್ದು ಕೇಳಿಸುವ ಹಾಗೇ ಇರಲಿಲ್ಲ. ಡೈರಿಯಲ್ಲಿ ಮಾತ್ರ 'ಟಕ್ ಟಕ್' ಎಂದಿದೆ. ಡೈರಿ ಬರೆದವಳೂ ನಾನೇ.

ನಾನು ಅವರನ್ನು 'ಪೊರ್ಬುಗಳು' ಎನ್ನುತ್ತಿದ್ದೆ. ನಮ್ಮ ಉಡುಪಿ ಕಡೆ ತುಳುವರು ಕೊಂಕಣಿ ಕ್ರಿಶ್ಚಿಯನ್ ಹಿರಿಯರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. ಅವರು ನನ್ನನ್ನು 'ಎಂಎಸ್ಸಿ' ಎಂದು ಕರೆಯುತ್ತಿದ್ದರು. ಅದರಲ್ಲಿ ಮರ್ಯಾದೆ ಎಷ್ಟು, ಗೇಲಿ ಎಷ್ಟು ಎನ್ನುವುದು ಆ ದಿನ ನಾನು ಎಷ್ಟು ತಪ್ಪು ಮಾಡಿದ್ದೇನೆ ಎನ್ನುವುದರ ಮೇಲೆ ನಿಂತಿರುತ್ತಿತ್ತು.

ಇಬ್ಬರದೂ ಒಂದೇ ಕಂಪನಿ. ಹಣವಂತರನ್ನು ಉತ್ತರದ ಒಂದು ಪರ್ವತ ದೇಶಕ್ಕೆ ಕರೆದೊಯ್ದು ಬೆಟ್ಟದ ಕುರಿಗಳನ್ನು ಬೇಟೆಯಾಡಿಸುವುದು ಅದರ ವ್ಯಾಪಾರ. ನಮ್ಮೂರಲ್ಲಿ ಕಾಡುಕುರಿ ಎಂದರೆ ಬೊಗಳುವ ಜಿಂಕೆ. ಇದು ಅದಲ್ಲ, ನಿಜವಾದ ಕುರಿಯೇ, ಮನುಷ್ಯ ಪಳಗಿಸದೇ ಬಿಟ್ಟ ಕುರಿ. ಗಂಡಿನ ಕೊಂಬು ಕಿವಿಯ ಸುತ್ತ ಒಂದು ಸುತ್ತು ಬಂದು ಮತ್ತೆ ಹೊರಕ್ಕೆ ಚಾಚುತ್ತದೆ. ಆ ಕೊಂಬಿಗಾಗಿಯೇ ಬೇಟೆ. ಹೊಡೆದ ಟಗರುಗಳ ತಲೆಗಳು ದುಬೈಗೆ ಬರುತ್ತಿದ್ದವು. ಪೊರ್ಬುಗಳು ಅವನ್ನು ಮಾಂಸ ಬಿಡುವ ಹಾಗೆ ಬೇಯಿಸಿ, ತೊಳೆದು, ಅಳೆದು, ಗೋಡೆಗೆ ಹಾಕುವ ಹಾಗೆ ಹಲಗೆಗೆ ಕೂರಿಸುತ್ತಿದ್ದರು. ಮಂಗಳೂರಿನ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆಗಿದ್ದು ಸತ್ತ ಹಕ್ಕಿಗಳಿಗೆ ಹತ್ತಿ ತುಂಬುವುದು ಕಲಿತವರು. ನಾನು ಸಂಖ್ಯಾಶಾಸ್ತ್ರ ಓದಿದವಳು. ಸಿಲಿಕಾನ್ ಓಯಸಿಸ್‌ನ ಎಸಿ ಆಫೀಸಿನಲ್ಲಿ ಕೂತು, ಕುರಿ ಎಷ್ಟಿವೆ, ಎಷ್ಟನ್ನು ಹೊಡೆದೆವು, ಹೊಡೆದವುಗಳ ವಯಸ್ಸೇನು ಎಂದು ವರ್ಷಕ್ಕೊಂದು ವರದಿ ಬರೆಯುವುದು ನನ್ನ ಕೆಲಸ. ಆ ವರದಿ ನೋಡಿ ಅಲ್ಲಿನ ವನ್ಯಜೀವಿ ಇಲಾಖೆ ಮುಂದಿನ ವರ್ಷದ ಪರ್ಮಿಟ್ ಕೊಡುತ್ತಿತ್ತು.

ಮೊದಲ ಸಲ ಶೆಡ್ಡಿಗೆ ಹೋದಾಗ ಅವರು ನಮಸ್ಕಾರವನ್ನೂ ಹೇಳದೆ ಒಂದು ಕೊಂಬನ್ನು ಕೈಗೆ ಕೊಟ್ಟು ವಯಸ್ಸು ಹೇಳು ಎಂದರು. ಕೊಂಬಿನ ಮೇಲೆ ಅಡ್ಡಡ್ಡ ಗೆರೆಗಳು. ಎಣಿಸಿ ಹನ್ನೊಂದು ಎಂದೆ. ಅವರು ನಗಲಿಲ್ಲ. ಕಣ್ಣು ಮುಚ್ಚಿಸಿ, ನನ್ನ ಹೆಬ್ಬೆರಳು ಹಿಡಿದು ಒಂದೊಂದು ಗೆರೆಯನ್ನೂ ಕೊಂಬಿನ ಹಿಂಬದಿಯವರೆಗೆ ಎಳೆಸಿದರು. ಕೆಲವು ಗೆರೆ ಮುಂದೆಯೇ ಮುಗಿಯುತ್ತಿದ್ದವು. ಅವು ಬರೀ ಸುಕ್ಕು. ಪೂರ್ತಿ ಸುತ್ತು ಹಾಕಿ ಬರುವ ಆಳದ ಗೆರೆ ಮಾತ್ರ ವರ್ಷ. ಹಾಗೆ ಎಣಿಸಿದರೆ ಎಂಟೇ.

"ಚಳಿಗಾಲದಲ್ಲಿ ಅದಕ್ಕೆ ಮೇವಿಲ್ಲ. ಕೊಂಬು ಬೆಳೆಯುವುದು ನಿಲ್ಲುತ್ತದೆ. ಎಲ್ಲಿ ನಿಂತಿತೋ ಅಲ್ಲಿ ಗೆರೆ," ಎಂದರು. "ಸುಕ್ಕು ಎಲ್ಲರಿಗೂ ಬೀಳುತ್ತದೆ ಎಂಎಸ್ಸಿ. ಹಸಿವನ್ನು ಎಣಿಸು."

ಇಷ್ಟೇ ಆಡಿದರೋ, ಇನ್ನೂ ಇತ್ತೋ ಗೊತ್ತಿಲ್ಲ. ಅರ್ಧ ಕನ್ನಡ ಅರ್ಧ ತುಳುವಿನಲ್ಲಿ ಆಡಿದ್ದನ್ನು ನಾನು ಡೈರಿಯಲ್ಲಿ ಪೂರ್ತಿ ಕನ್ನಡ ಮಾಡಿಬಿಟ್ಟಿದ್ದೇನೆ.

ಸಿಟ್ಟಿನ ಮನುಷ್ಯ. ಕರಕ್ ಚಹಾದಲ್ಲಿ ಏಲಕ್ಕಿ ಜಾಸ್ತಿಯಾದರೆ ಸಿಟ್ಟು. ಅಲ್ಲಿ ವಾರದ ರಜೆಯಾದ ಶುಕ್ರವಾರದ ಪೂಜೆಯಲ್ಲಿ ಪಾದ್ರಿಗಳ ಪ್ರಸಂಗ ಉದ್ದವಾದರೆ ಶನಿವಾರವಿಡೀ ಸಿಟ್ಟು. ತಂಗಿಯ ಮಕ್ಕಳು ಕೊಂಕಣಿಯಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತವೆ ಎಂದು ಸಿಟ್ಟು. ಪ್ರಾಣಿದಯೆಯವರೆಂದು ತಿಳಿದರೆ ತಪ್ಪು. ಟಿಫಿನ್ ಡಬ್ಬಿಯಲ್ಲಿ ವಾರಕ್ಕೆ ಎರಡು ಸಲ ಮಟನ್ ಇರುತ್ತಿತ್ತು. ಬೇಟೆಯೇ ಬೇಡ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಹಿಂಡಿನಲ್ಲಿ ಮರಿ ಹುಟ್ಟಿಸುವ ಕೆಲಸ ಮುಗಿಸಿದ ಮುದಿ ಟಗರನ್ನು ಹೊಡೆದರೆ ಹಿಂಡಿಗೆ ನಷ್ಟವಿಲ್ಲ, ಆ ಪರ್ಮಿಟ್ಟಿನ ದುಡ್ಡಿನಲ್ಲಿ ಕಾವಲುಗಾರನಿಗೆ ಸಂಬಳವಾದರೂ ಸಿಗುತ್ತದೆ ಎಂದು ನನಗೆ ವಾದಿಸಿ ಹೇಳಿದವರೇ ಅವರು. ಅದಕ್ಕೇ ಅವರಿಗೆ ಕೊಂಬಿನ ವಯಸ್ಸು ಅಷ್ಟು ಮುಖ್ಯ. ಪ್ರತಿ ಕೊಂಬಿಗೂ ಚೀಟಿ ಕಟ್ಟಿ ವಯಸ್ಸು ಬರೆದು ಸಹಿ ಹಾಕುತ್ತಿದ್ದರು.

ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ, ವರದಿಯ ಗ್ರಾಫನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಕುರಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಹೊಗಳಲಿ ಎಂದು ತೋರಿಸಿದ್ದು, ಅದನ್ನು ಮುಚ್ಚಿಡುವುದಿಲ್ಲ. ಅವರು ಗ್ರಾಫನ್ನು ಬಿಟ್ಟು ಎಣಿಕೆಯ ಫೋಟೋಗಳನ್ನು ಕೇಳಿದರು. ಕನ್ನಡಕ ಹಣೆಗೇರಿಸಿ, ಸ್ಕ್ರೀನಿಗೆ ಮೂಗು ತಾಗುವಷ್ಟು ಹತ್ತಿರ ಬಂದು ಒಂದೊಂದೇ ನೋಡಿದರು. ಪೂರ್ವದ ಕಣಿವೆಯ ಫೋಟೋದಲ್ಲಿ ಎಡಗೊಂಬು ಮುರಿದ ಒಂದು ಟಗರಿತ್ತು. ಪಶ್ಚಿಮದ ಕಣಿವೆಯ ಫೋಟೋದಲ್ಲೂ ಅದೇ ಇತ್ತು. ನಮ್ಮ ಎಣಿಕೆಯವರು ಒಂದೇ ಹಿಂಡನ್ನು ಗುಡ್ಡದ ಎರಡೂ ಬದಿಯಿಂದ ಎಣಿಸಿದ್ದರು.

"ದೇವರಿಗೂ ಆಗದ್ದನ್ನು ನೀವು ಮಾಡಿದ್ದೀರಿ," ಎಂದರು. "ಒಂದೇ ಕುರಿಯನ್ನು ಎರಡು ಸಲ ಹುಟ್ಟಿಸಿದ್ದೀರಿ. ಕಾಗದದಲ್ಲಿ."

ಆಫೀಸಿಗೆ ಬಂದು ಮ್ಯಾನೇಜರಿಗೆ ಹೇಳಿದೆ. ಎಣಿಕೆ ಮುಗಿದಿದೆ, ಖಲಾಸ್, ಮುಂದಿನ ವರ್ಷ ನೋಡೋಣ ಎಂದ. ನಾನು ಹೂಂ ಎಂದೆ. ಆ 'ಹೂಂ' ಡೈರಿಯಲ್ಲಿಲ್ಲ. ಅಂದು ತಿಂದ ಶವರ್ಮಾದ ಬಗ್ಗೆ ಇದೆ.

ಮುಂದಿನ ಋತುವಿನಲ್ಲಿ ಬಂದ ತಲೆಗಳನ್ನು ನೋಡಿ ಪೊರ್ಬುಗಳು ನನಗೆ ಫೋನ್ ಮಾಡಿ, ಕೂಡಲೇ ಬಾ ಎಂದರು. ಕೊಂಬುಗಳನ್ನು ನೆಲದಲ್ಲಿ ಸಾಲಾಗಿ ಇಟ್ಟಿದ್ದರು. ಚೀಟಿ ಕಟ್ಟಿರಲಿಲ್ಲ. ನೀನೇ ಎಣಿಸು ಎಂದರು. ಕೂತು ಎಣಿಸಿದೆ. ಐದು, ಆರು, ಆರು, ಐದು, ಆರು. ಒಂದರಲ್ಲೂ ಏಳಿರಲಿಲ್ಲ. ಎಂಟು ತುಂಬದ ಟಗರನ್ನು ಹೊಡೆಯಬಾರದು ಎಂದು ಪರ್ಮಿಟ್ಟಿನಲ್ಲೇ ಇತ್ತು.

ನಾನು, ಎಳೆಯವು ಹೆಚ್ಚಿದ್ದರೆ ಹಿಂಡು ಬೆಳೆಯುತ್ತಿದೆ ಎಂದಲ್ಲವೇ ಎಂದು ಕೇಳಿದೆ. ಅಷ್ಟು ಓದಿದ್ದೆ.

ಅವರು ಕೊಂಬೊಂದನ್ನು ಕಾಲಿನಿಂದ ತಳ್ಳಿದರು. "ಕೊಂಬು ದೊಡ್ಡದು ಬೇಕು ಎಂದೇ ಅಲ್ಲವಾ ಇವರು ಅಷ್ಟು ದೂರ ಹೋಗುವುದು? ಮುದುಕ ಸಿಗುತ್ತಿದ್ದರೆ ಹುಡುಗನನ್ನು ಯಾರು ಹೊಡೆಯುತ್ತಾರೆ ಮಾರಾಯ್ತಿ? ಮುದುಕರು ಮುಗಿದರು. ಈಗ ಹುಡುಗರನ್ನು ಮುಗಿಸುತ್ತಿದ್ದಾರೆ. ಇನ್ನು ಹೆಣ್ಣುಗಳನ್ನು ಹತ್ತುವುದು ಯಾರು, ನಿಮ್ಮ ಮ್ಯಾನೇಜರಾ?"

ಆ ವಯಸ್ಸುಗಳು ವರದಿಯಲ್ಲಿ ಹೋದರೆ ಆ ಕಣಿವೆಯ ಬೇಟೆ ನಿಲ್ಲುತ್ತಿತ್ತು. ಅದು ಅವರಿಗೂ ಗೊತ್ತು, ನನಗೂ ಗೊತ್ತು, ಮ್ಯಾನೇಜರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅವನು ಬಯ್ಯಲಿಲ್ಲ, ಗದರಿಸಲಿಲ್ಲ. ಗೆರೆ ಎಲ್ಲವನ್ನೂ ಎಣಿಸಿದರೆ ಒಂಬತ್ತು ಬರುತ್ತದಲ್ಲ, ಹಾಗೇ ಬರೆಯಲಿ ಎಂದ. ಸುಕ್ಕನ್ನೂ ಸೇರಿಸಿ ಎಂದು ಅದರರ್ಥ. ಹಾಗೆ ಬರೆದ ಪಟ್ಟಿ ಸಹಿಗಾಗಿ ಶೆಡ್ಡಿಗೆ ಹೋಯಿತು. ಪೊರ್ಬುಗಳು ಸಹಿ ಹಾಕದೆ ವಾಪಸ್ ಕಳಿಸಿದರು. ಎರಡನೇ ಸಲ ಹೋಯಿತು, ಮತ್ತೆ ವಾಪಸ್ ಬಂತು. ಮೂರನೇ ಸಲ ಪಟ್ಟಿ ಶೆಡ್ಡಿಗೆ ಹೋಗಲಿಲ್ಲ, ನನ್ನ ಮೇಜಿಗೆ ಬಂತು. ನಿನಗೂ ಅಳೆಯಲು ಬರುತ್ತದೆ, ಮೇಲಾಗಿ ನಿನ್ನ ಹೆಸರಿನ ಹಿಂದೆ ಡಿಗ್ರಿ ಇದೆ ಎಂದು ಮ್ಯಾನೇಜರ್ ಹೇಳಿದ.

'ಅಳೆದವರು' ಎಂಬ ಜಾಗದಲ್ಲಿ ನಾನು ಸಹಿ ಹಾಕಿದೆ.

ಒತ್ತಡವಿತ್ತು, ವೀಸಾ ಕಂಪನಿಯ ಕೈಯಲ್ಲಿತ್ತು, ಊರಲ್ಲಿ ತಮ್ಮನ ಓದು ಇತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ಎಲ್ಲವೂ ನಿಜ. ಆದರೆ ಆ ದಿನದ ಡೈರಿ ತೆಗೆದು ನೋಡಿದರೆ ತಮ್ಮನ ಮಾತೇ ಇಲ್ಲ. 'ಇವತ್ತು ವರದಿ ಮುಗಿಯಿತು, ನಿರಾಳ' ಎಂದಿದೆ. ತಮ್ಮನನ್ನು ನಾನು ಆಮೇಲೆ ತಂದು ಅಲ್ಲಿ ನಿಲ್ಲಿಸಿದ್ದು. ಅದನ್ನು ಓದಿದಾಗಲೆಲ್ಲ ನನ್ನ ಮೇಲೆ ನನಗೆ ಬರುವ ಸಿಟ್ಟಿನ ಮುಂದೆ ಮ್ಯಾನೇಜರನ ಮೇಲಿನ ಸಿಟ್ಟು ಏನೂ ಅಲ್ಲ.

ಪೊರ್ಬುಗಳ ವೀಸಾ ಕ್ಯಾನ್ಸಲ್ ಆಯಿತು. ವಯಸ್ಸಾಯಿತು, ಕಣ್ಣು ಸರಿ ಕಾಣುವುದಿಲ್ಲ ಎಂದು ಕಾರಣ ಬರೆದಿದ್ದರು. ಬೆರಳಿನಿಂದ ಎಣಿಸುವವರಿಗೆ ಕಣ್ಣಿನ ಕಾರಣ. ಟಿಕೆಟ್ಟಿನ ದಿನದವರೆಗೆ ಅವರು ಬನಿಯಾಸ್‌ನಲ್ಲಿ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ತಂಗಿಯ ಮನೆಯಲ್ಲಿದ್ದರು. ಒಂದು ಶುಕ್ರವಾರ ಮಧ್ಯಾಹ್ನ ನೋಡಲು ಹೋದೆ. ಏಕೆ ಹೋದೆ ಎಂದು ಈಗಲೂ ತಿಳಿಯದು. ಕ್ಷಮೆ ಕೇಳಲಂತೂ ಅಲ್ಲ, ಕೇಳಲಿಲ್ಲವಲ್ಲ.

ಬಾಗಿಲು ತೆರೆದ ಹುಡುಗಿ, "ಅಂಕಲ್ ಈಸ್ ಇನ್ ದ ಬಾಲ್ಕನಿ," ಎಂದು ಒಳಗೆ ಓಡಿತು. ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸೂಟ್‌ಕೇಸಿನ ಹಿಡಿಕೆಗೆ ಹಗ್ಗ ಸುತ್ತುತ್ತಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಊರಿಗೆ ಯಾವಾಗ ಹೋಗುತ್ತೀ, ಅಮ್ಮನ ಮಂಡಿನೋವು ಹೇಗುಂಟು ಎಂದೆಲ್ಲ ಕೇಳಿದರು. ಆಮೇಲೆ ಹಗ್ಗದಿಂದ ಕಣ್ಣು ತೆಗೆಯದೆ ಕೇಳಿದರು.

"ಅವತ್ತು ನೆಲದಲ್ಲಿ ಕೂತು ಎಣಿಸಿದೆಯಲ್ಲ. ಎಷ್ಟು ಬಂತು ನಿನಗೆ?"

ಆ ಬಾಲ್ಕನಿಯಲ್ಲಿ ನಾವಿಬ್ಬರೇ ಇದ್ದೆವು. ಮ್ಯಾನೇಜರ್ ಇರಲಿಲ್ಲ, ಪಟ್ಟಿ ಇರಲಿಲ್ಲ. ಆರು ಎಂದಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ.

"ಒಂಬತ್ತು," ಎಂದೆ.

ಅವರು ಗಂಟು ಬಿಗಿದರು. "ಹಾಗಾದರೆ ತಪ್ಪು ನನ್ನದು. ನಾನು ಸರಿಯಾಗಿ ಕಲಿಸಲಿಲ್ಲ," ಎಂದರು.

ವ್ಯಂಗ್ಯವಾಗಿ ಹೇಳಿದರೇ? ಎಷ್ಟು ಸಲ ನೆನಪಿಸಿಕೊಂಡರೂ ಆ ಧ್ವನಿ ಕೈಗೆ ಸಿಗುವುದಿಲ್ಲ. ಒಮ್ಮೆ ವ್ಯಂಗ್ಯವಾಗಿ ಕೇಳಿಸುತ್ತದೆ, ಒಮ್ಮೆ ನಿಜವಾಗಿಯೂ ನೊಂದುಕೊಂಡ ಹಾಗೆ. ಎರಡನೆಯದಾಗಿದ್ದರೆ, ಮೂವತ್ತು ವರ್ಷ ಕೊಂಬು ಮುಟ್ಟಿದ ಬೆರಳಿನ ಮೇಲೇ ಆ ಮನುಷ್ಯನಿಗೆ ಅನುಮಾನ ಬರುವ ಹಾಗೆ ಮಾಡಿದವಳು ನಾನು. ತಂಗಿ ಇಡ್ಲಿಯಂಥ ಸಣ್ಣಾಸು, ಕೋಳಿ ಸಾರು ಬಡಿಸಿದರು. ತಿಂದೆ. ಎರಡನೇ ಸಲ ಹಾಕಿಸಿಕೊಂಡೆ ಎಂದೂ ಡೈರಿಯಲ್ಲಿದೆ.

ಎರಡು ವರ್ಷದ ನಂತರ, ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದಲ್ಲಿ, ಅವರ ತಂಗಿ ಫೋನ್ ಮಾಡಿದರು. ಊರಲ್ಲಿ, ಬೆಳಗ್ಗಿನ ಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲು ಇಳಿಯುವಾಗ ಎದೆನೋವು ಬಂದು ಅಲ್ಲೇ ಕೂತರಂತೆ, ಮತ್ತೆ ಏಳಲಿಲ್ಲವಂತೆ. ನನ್ನ ವಿಷಯ ಏನಾದರೂ ಹೇಳುತ್ತಿದ್ದರೇ ಎಂದು ಕೇಳಿದೆ. ಆ ಹೊತ್ತಿನಲ್ಲೂ ನನಗೆ ನನ್ನದೇ ಚಿಂತೆ. ಇಲ್ಲ ಎಂದರು.

ಆ ವಾರವೇ ಪರ್ವತ ದೇಶದ ಇಲಾಖೆಗೆ ಪತ್ರ ಬರೆದೆ. ಅಂದು ನಾನು ಎಣಿಸಿದ್ದು ಐದು, ಆರು, ಬರೆದದ್ದು ಒಂಬತ್ತು, ನಂತರದ ವರದಿಗಳಲ್ಲೂ ಹಾಗೆಯೇ ಬರೆದೆ ಎಂದು ಒಂದೂ ಬಿಡದೆ ತಿಳಿಸಿದೆ. ಕಂಪನಿಗೂ ಒಂದು ಪ್ರತಿ ಕಳಿಸಿ ರಾಜೀನಾಮೆ ಕೊಟ್ಟೆ. ಧೈರ್ಯ ಬಂತು ಎನ್ನಬೇಡಿ. ಅಷ್ಟರಲ್ಲಿ ಬೇರೆ ಕಡೆ ಕೆಲಸ ಸಿಕ್ಕಿತ್ತು.

ಇಲಾಖೆಯವರು ಬಹಳ ಸೌಜನ್ಯದಿಂದ ಉತ್ತರಿಸಿದರು. ಕೊಂಬುಗಳು ಗಿರಾಕಿಗಳ ಮನೆ ಸೇರಿರುವುದರಿಂದ ಮತ್ತೆ ಅಳೆಯಲಾಗದು. ದಾಖಲೆಯಲ್ಲಿ ಅಳೆದವರ ಸಹಿ ನಿಮ್ಮದೇ ಇದೆ. ಅಂದು ಬೇರೆ ಯಾರಾದರೂ ಅಳೆದಿದ್ದರೆ ಅವರ ಸಹಿಯಿರುವ ಹೇಳಿಕೆ ಕಳುಹಿಸಿ, ಪರಿಶೀಲಿಸುತ್ತೇವೆ ಎಂದು. ಹದಿನೈದು ದಿನ ಮೊದಲು ಬರೆದಿದ್ದರೆ ಆ ಸಹಿ ಸಿಗುತ್ತಿತ್ತು. ಅದನ್ನು ಹಾಕಲು ಪೊರ್ಬುಗಳಿಗೆ ಅರೆಗಳಿಗೆ ಸಾಕಿತ್ತು.

ಅಳೆದವರು ತೀರಿಕೊಂಡಿದ್ದಾರೆ, ಅವರ ಲೆಕ್ಕ ಐದು, ಆರೇ ಆಗಿತ್ತು, ಒಂಬತ್ತು ಎಂದವಳು ನಾನು ಎಂದು ಮರುದಿನವೇ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ಆ ವರ್ಷವೂ ಆ ಕಣಿವೆಗೆ ಪರ್ಮಿಟ್ ಸಿಕ್ಕಿತು, ನನ್ನ ಸಹಿಯ ಬಲದ ಮೇಲೆ.