ಮುದ್ದೆ ತಿರುವಿದವರು ಯಾರು?

ಜೀಪು ಬರುವ ಹಿಂದಿನ ದಿನ ಅತ್ತೆಯ ಹೆಬ್ಬೆರಳಿನ ಉಗುರಿಗೆ ಕಾಗೆಬಂಗಾರದ ಚೂರೊಂದು ಅಂಟಿಕೊಂಡಿತ್ತು. ಮಾವನ ಕಿರೀಟದಲ್ಲಿ ಉದುರಿದ್ದ ಕಡೆ ಹುಣಸೆಬೀಜದ ಅಂಟು ಸವರಿ, ಚೂರುಗಳನ್ನು ಕೂರಿಸಿ ಆಗಷ್ಟೇ ಎದ್ದಿದ್ದಳು. ಊಟವಾದ ಮೇಲೆ ಪ್ರಸಂಗದ ಪುಸ್ತಕ ತೆಗೆದು ಒಂದೊಂದೇ ಸಾಲು ಓದಿದಳು. ಮಾವ ಗೋಡೆಗೊರಗಿ ಅದನ್ನೇ ತಿರುಗಿ ಹೇಳಿಕೊಂಡರು. ಮಾವನಿಗೆ ಓದು ಬರುತ್ತಿರಲಿಲ್ಲ. ಮೂಡಲಪಾಯದ ಬಯಲಾಟದಲ್ಲಿ ಅವರು ರಾಜನ ವೇಷ ಕಟ್ಟಿ ನಿಂತರೆ ದಬ್ಬೇಘಟ್ಟದ ಸುತ್ತಿನವರೆಲ್ಲ ಬಂದು ಕೂರುತ್ತಿದ್ದರು. ಆ ರಾಜನ ಮಾತೆಲ್ಲ ಮೊದಲು ಬಂದದ್ದು ನಮ್ಮ ಅಡುಗೆಮನೆಯಲ್ಲಿ, ಅತ್ತೆಯ ಬಾಯಿಂದ. ತಾಯಿಯಿಲ್ಲದ ನನಗೆ ಅಕ್ಷರ ಕಲಿಸಿದವಳೂ ಅವಳೇ, ಅದೇ ಪುಸ್ತಕದಿಂದ.

ಅತ್ತೆಗೆ ಸಿನಿಮಾ ಇಷ್ಟ. ಟೆಂಟಿನಲ್ಲಿ ಸಿನಿಮಾಕ್ಕೆ ಮೊದಲು ಹಾಕುತ್ತಿದ್ದ ಸಾಕ್ಷ್ಯಚಿತ್ರಗಳೆಂದರೆ ಅಸಡ್ಡೆ. ಯಾರೋ ಶಿಲ್ಪಿ, ಯಾರೋ ಸಂಗೀತಗಾರ, ಯಾರೋ ದೇಶಭಕ್ತ. ಗಂಜಿ ಹಾಕಿ ಇಸ್ತ್ರಿ ಮಾಡಿದಂಥ ದನಿಯೊಂದು ಅವರ ಹುಟ್ಟು, ಸಾಧನೆ, ಸನ್ಮಾನ ಒಪ್ಪಿಸುತ್ತಿತ್ತು. ಅತ್ತೆ ಕೂತಲ್ಲಿಂದಲೇ ನನ್ನನ್ನು ಕೇಳುತ್ತಿದ್ದಳು: "ಈವಯ್ಯಂಗೆ ಮುದ್ದೆ ತಿರುವಿದೋರು ಯಾರು ಕಣೇ?" ಮಹಾಪುರುಷರು ಅಂಗಳದಲ್ಲಿ ಕೂತು ಯೋಚಿಸುತ್ತಿದ್ದರೆ, "ಅಂಗ್ಳ ತಾನಾಗೇ ಗುಡಿಸ್ಕಂತೇನೋ" ಎನ್ನುತ್ತಿದ್ದಳು. ಬರಬರುತ್ತ, ಬೀಡಿ ಸೇದಲು ಹೊರಗೆ ಹೊರಟ ಗಂಡಸರೂ ಆ ಪ್ರಶ್ನೆ ಕೇಳಿಸಿಕೊಂಡೇ ಹೋಗುವಂತಾಯಿತು.

ಅಂಥದೇ ಚಿತ್ರ ಮಾಡುವವರು ಮಾವನನ್ನು ಹುಡುಕಿಕೊಂಡು ಜೀಪಿನಲ್ಲಿ ಬಂದರು. ಬಂದವರಿಗೆ ನಮ್ಮ ಮನೆ ಹಿಡಿಸಲಿಲ್ಲ. ಪ್ಲಾಸ್ಟಿಕ್ ಬಕೆಟ್ಟು, ರೇಡಿಯೊ ತೆಗೆಸಿದರು. ಎದುರುಮನೆಯ ಹಿತ್ತಾಳೆ ದೀಪ ತರಿಸಿ ಹಗಲಲ್ಲೇ ಹಚ್ಚಿಸಿದರು. ಮಾವನಿಗೆ ಪೂರ್ತಿ ವೇಷ ಕಟ್ಟಿಸಿ ಉರಿಬಿಸಿಲಲ್ಲಿ ತೆಂಗಿನ ತೋಟದ ನಡುವೆ ನಿಲ್ಲಿಸಿದರು.

"ರಾಜ ಕಾಯಿ ಕೆಡವಕ್ಕೆ ಬಂದವ್ನಾ?" ಎಂದಳು ಅತ್ತೆ, ನನಗಷ್ಟೇ ಕೇಳುವಂತೆ.

ಆಮೇಲೆ ಅವಳಿಗೂ ಅಪ್ಪಣೆಯಾಯಿತು: ದಿನಾ ಮಾಡುವ ಕೆಲಸ ಮಾಡುತ್ತಿರಬೇಕು, ಕ್ಯಾಮೆರಾ ಕಡೆ ಮಾತ್ರ ನೋಡಬಾರದು. ನಾವೆಲ್ಲ ಕದ್ದು ಕದ್ದು ನೋಡಿದೆವು. ಅತ್ತೆ ಒಪ್ಪಿಕೊಂಡದ್ದನ್ನು ಅರ್ಧ ಮಾಡಿದವಳಲ್ಲ. ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ಕೂತು, ಕರಟ ಒಡೆದು ಕೊಬ್ಬರಿ ಬಿಡಿಸುತ್ತ, ಸಂಜೆಯವರೆಗೂ ತಿರುಗಲಿಲ್ಲ. ಹೋಗುವ ಮುನ್ನ ಅವರು ಮಾವನನ್ನು ಕೇಳಿದರು, ಇಷ್ಟೆಲ್ಲ ಮಾತು ಯಾರಿಂದ ಕಲಿತಿರಿ ಎಂದು. ಮಾವ ಗಂಟಲು ಸರಿಮಾಡಿಕೊಂಡು, "ಎಲ್ಲಾ ಗುರುಗಳ ಕೃಪೆ" ಎಂದರು. ಗುರುಗಳು ಕಲಿಸಿದ್ದು ಕುಣಿತ. ಅತ್ತೆಯ ಕೈ ಆ ದಿನ ನಿಂತದ್ದು ಅದೊಂದು ಸಲ.

ಚಿತ್ರ ಟೆಂಟಿಗೆ ಬಂದಾಗ ಊರೇ ಹೋಯಿತು. ಇಸ್ತ್ರಿ ದನಿ ಮಾವನನ್ನು ಹಳ್ಳಿಯ ಅಪ್ಪಟ ಪ್ರತಿಭೆ ಎಂದಿತು. ಕಿರೀಟವನ್ನು ಹತ್ತಿರದಿಂದ ತೋರಿಸಿ, ಪರಂಪರೆಯ ಹೊಳಪು ಎಂದಿತು. ಗುರುಕೃಪೆಯೂ ಬಂತು. ಮೂಲೆಯಲ್ಲೊಂದು ಬೆನ್ನು ಬಂದು ಹೋಯಿತು. ಗಂಡಸರ ಕಡೆಯಿಂದ ಯಾರೋ ಕೂಗಿದರು:

"ಅಕ್ಕಯ್ಯ, ಇವತ್ತು ಕೇಳಾಕಿಲ್ವಾ? ಈವಯ್ಯಂಗೆ ಮುದ್ದೆ ತಿರುವಿದೋರು ಯಾರು?"

ಟೆಂಟೆಲ್ಲ ನಕ್ಕಿತು. ಮಾವನೂ ನಕ್ಕರು.

"ಯಾರೋ ಪುಣ್ಯಾತ್ಗಿತ್ತಿ ಇರ್ಬೇಕು, ಬುಡು" ಎಂದು ಅತ್ತೆ ಎದ್ದು ಮನೆಗೆ ಹೊರಟಳು. ಅವಳಿಗೆ ಇಷ್ಟವಾದ ಸಿನಿಮಾ ಇನ್ನೂ ಶುರುವೇ ಆಗಿರಲಿಲ್ಲ.

ಮುಂದಿನ ಆಟಕ್ಕೆ ಮಾವ ಹೊಸ ಪಾತ್ರ ಒಪ್ಪಿಕೊಂಡು ಪುಸ್ತಕ ತಂದು ಅವಳ ಮುಂದಿಟ್ಟರು. "ಗುರುಗಳ್ನೇ ಕೇಳ್ರೀ" ಎಂದಳು. ಅದರಲ್ಲಿ ಕೋಪವಿರಲಿಲ್ಲ. ಪರದೆಯ ಮೇಲಿನ ಮಹಾಪುರುಷರನ್ನು ಕುರಿತು ಆಡುತ್ತಿದ್ದಳಲ್ಲ, ಅದೇ ದನಿ. ಕಿರೀಟಕ್ಕೆ ಅಂಟು ಹಚ್ಚುತ್ತಿದ್ದಳು, ಮುದ್ದೆ ತಿರುವುತ್ತಿದ್ದಳು. ಸಾಲು ಮಾತ್ರ ಓದಲಿಲ್ಲ. ಮಾವ ನನ್ನಿಂದ ಓದಿಸಿ ನೋಡಿದರು, ಬಾಯಿಗೆ ಹತ್ತಲಿಲ್ಲ. ಕೊನೆಯವರೆಗೂ ಹಳೇ ಪಾತ್ರಗಳನ್ನೇ ಆಡಿದರು. ನನಗೆ ಅವರ ಮೇಲೆ ಮರುಕ ಬರಬೇಕಿತ್ತು, ಬರಲಿಲ್ಲ.

ಅತ್ತೆ ಒಂದು ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡಳು. ತಿಥಿಗೆ ಇಡಲು ಫೋಟೋ ಬೇಕೆಂದು ಮನೆಯೆಲ್ಲ ಹುಡುಕಿದೆವು. ಗೋಡೆಯ ಮೇಲಿದ್ದದ್ದು ರಾಜವೇಷದ ಮಾವ, ಆ ಜೀಪಿನವರೇ ಕಳಿಸಿದ್ದು.

"ಆ ಸಿನಿಮಾದಾಗೆ ಅವ್ಳೂ ಅವ್ಳೆ ಅಲ್ವೇನೇ" ಎಂದರು ಮಾವ.

ಇದ್ದಾಳೆ, ಕೊಬ್ಬರಿ ರಾಶಿಯ ಪಕ್ಕ, ಬೆನ್ನು ಮಾಡಿಕೊಂಡು. ಅತ್ತೆಯ ಮುಖವಿರುವ ಫೋಟೋ ನಮ್ಮಲ್ಲಿ ಒಂದೂ ಇಲ್ಲ.