ಹಂಚು ಬಾರಿಸಿ ನೋಡಿದ ಮೇಲೆ

ಮೊನ್ನೆ ಬೆಳಗಾವಿಯ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಮಗಳು ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಆಕಾಶಕ್ಕೆ ಹೋದ ರಾಕೆಟ್ಟೊಂದು ತಿರುಗಿ ಬಂದು ನೆಲದ ಮೇಲೆ ನೆಟ್ಟಗೆ ನಿಂತಿತು. “ನೋಡಪ್ಪಾ, ಇನ್ನ ಸ್ವಲ್ಪ ವರ್ಷದಾಗ ಮಂದೀನೂ ದಿನಾ ಹಿಂಗ ಹೋಗಿ ಬರ್ತಾರ” ಎಂದಳು. ನನ್ನ ಮನಸ್ಸು ಮಾತ್ರ ಖಾನಾಪುರದ ಒಂದು ಹಂಚಿನ ಮಾಡಿನ ಮೇಲೆ ಹೋಗಿ ಕೂತಿತು. ಯಾಕೆಂದು ಹೇಳುತ್ತೇನೆ, ಅವಸರವಿಲ್ಲದಿದ್ದರೆ ಕೇಳಿ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾನು ಇಲ್ಲಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಸಿಕ್ಕವರ ಮುಂದೆಲ್ಲ ನನ್ನದು ಒಂದೇ ಭಾಷಣ: ಮನುಷ್ಯರನ್ನು ಹೊತ್ತು ಹಾರಿ, ಇಳಿದು, ಮತ್ತೆ ಹಾರುವ ಅಮೆರಿಕದ ಬಾಹ್ಯಾಕಾಶ ನೌಕೆ. ಅದರ ಹೊಟ್ಟೆಗೆ ಸಾವಿರಾರು ಹಂಚುಗಳನ್ನು ಅಂಟಿಸಿರುತ್ತಾರೆ. ಭೂಮಿಗೆ ಮರಳುವಾಗ ಹುಟ್ಟುವ ಬೆಂಕಿಯಂಥ ಕಾವನ್ನು ತಡೆಯುವುದು ಅವೇ. ಪ್ರತಿ ಸಲ ಇಳಿದ ಮೇಲೆ ಅವನ್ನು ಒಂದೊಂದಾಗಿ ಪರೀಕ್ಷಿಸಬೇಕು. ಮತ್ತೆ ಹಾರಲು ತಿಂಗಳುಗಟ್ಟಲೆ ಕಾಯಬೇಕು. “ಇದೇ ಅದರ ದೋಷ! ಖಾನಾಪುರದ ಬಸ್ಸಿನ ಹಾಗೆ ಬಂದ ಕಾಲಲ್ಲೇ ತಿರುಗಿ ಹೋಗಬೇಕು” ಎಂದು ಮೇಜು ಗುದ್ದುತ್ತಿದ್ದೆ. ಮೇಜು ಎಂದೂ ಎದುರಾಡಲಿಲ್ಲ.

ಆ ಮೇ ತಿಂಗಳಲ್ಲಿ ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆ ಖಾನಾಪುರದ ತವರಿಗೆ ಹೋಗಿದ್ದಳು. ಹೆರಿಗೆ ಬೆಳಗಾವಿಯ ಆಸ್ಪತ್ರೆಯಲ್ಲಿ ದಿನ ತುಂಬುವ ಮೊದಲೇ ಆಯಿತು. ಹೆಣ್ಣು ಕೂಸು, ತೂಕ ಕಡಿಮೆ. ಥಂಡಿ ತಾಗಬಾರದು ಎಂದು ಡಾಕ್ಟರು ನಾಲ್ಕು ಸಲ ಹೇಳಿದರು. ಇತ್ತ ಅತ್ತೆಯ ಮನೆಯಲ್ಲಿ ಬಾಣಂತಿ ಕೋಣೆಯ ಮೇಲೆ ಹಂಚೇ ಇರಲಿಲ್ಲ. ಮಳೆಗಾಲಕ್ಕೆ ಮುಂಚೆ ಎಲ್ಲ ಹಂಚು ಇಳಿಸಿ, ಬಾರಿಸಿ ನೋಡಿ, ಮತ್ತೆ ಏರಿಸುವುದು ಅಲ್ಲಿಯ ವಾಡಿಕೆ. ಆ ಕೆಲಸದ ಕಲ್ಲಪ್ಪಣ್ಣ ಒಂದೊಂದನ್ನೂ ಎತ್ತಿ ಹಿಡಿದು, ಬೆರಳ ಗೆಣ್ಣಿನಿಂದ ಬಾರಿಸಿ ಕಿವಿಗೊಡುತ್ತಿದ್ದ. ಖಣ್ ಎಂದರೆ ಇಟ್ಟುಕೊಳ್ಳುವುದು, ಬದ್ ಎಂದರೆ ಬಿಸಾಡುವುದು. ಮೂರು ದಿನದಲ್ಲಿ ಆಸ್ಪತ್ರೆಯಿಂದ ಕೂಸು ಬರುವುದಿತ್ತು, ಕೋಣೆ ನೋಡಲೆಂದು ನಾನು ಮುಂಚೆಯೇ ಬಂದಿದ್ದೆ. ಪಡುವಣಕ್ಕೆ ಮೋಡ ಕಟ್ಟುತ್ತಿತ್ತು.

“ಕಲ್ಲಪ್ಪಣ್ಣಾ, ಒಡದವು ಕಣ್ಣಿಗೆ ಕಾಣತಾವಲ್ಲ. ಅವಷ್ಟ ಬದಲಿ ಮಾಡಿ ಹೊಚ್ಚಿಬಿಡ್ರಿ” ಎಂದೆ.

“ಕಟಗಿ ಒಟ್ಟೋ ಖೋಲಿ ಆಗಿದ್ರ ಹಂಗ ಮಾಡತಿದ್ನಿರಿ ಸರ್ರ. ಇದರ ಕೆಳಗ ಕೂಸು ಮಲಗತೈತಿ.”

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಆದರೆ ಅಳಿಯನಿಗೆ ಕೆಲಸ ಹೇಳುವ ಪದ್ಧತಿ ಆ ಮನೆಯಲ್ಲಿರಲಿಲ್ಲ, ಕೆಲಸವಿಲ್ಲದ ಅಳಿಯನಷ್ಟು ಅಪಾಯದ ಪ್ರಾಣಿ ಇನ್ನೊಂದಿಲ್ಲ. ಕಲ್ಲಪ್ಪಣ್ಣ ಊಟಕ್ಕೆ ಹೋದಾಗ, ಅಂಗಳದಲ್ಲಿ ಏಳೆಂಟು ಗುಂಪಾಗಿ ಬಿದ್ದಿದ್ದ ಹಂಚುಗಳನ್ನೆಲ್ಲ ಒಟ್ಟು ಮಾಡಿ ಗೋಡೆಗುಂಟ ಚೆಂದಾಗಿ ಜೋಡಿಸಿದೆ. ಶಾಭಾಸ್‌ಗಿರಿಗೆ ಕಾದು ನಿಂತೆ.

ಬಂದವನು ಸಾಲಿನಿಂದ ಎರಡು ಹಂಚು ಎತ್ತಿ, ಒಂದರ ಅಂಚಿಗೆ ಇನ್ನೊಂದನ್ನು ಹಿಡಿದು ತೋರಿಸಿದ. ಆ ಮಾಡಿಗೆ ಎರಡು ಕಾರ್ಖಾನೆಗಳ ಹಂಚು ಹೊದಿಸಿದ್ದರು. ನೋಡಲು ಒಂದೇ, ಆದರೆ ಒಂದರ ಅಂಚಿನ ಕಚ್ಚು ಇನ್ನೊಂದಕ್ಕೆ ಕೂಡುವುದಿಲ್ಲ. ಕೂಡದ ಕಡೆ ನೀರು ಇಳಿಯುತ್ತದೆ. ಅವನು ಗುಂಪು ಮಾಡಿದ್ದು ಅದಕ್ಕೇ. ಬಾರಿಸಿದವು, ಬಾರಿಸದವು ಕೂಡ ನನ್ನ ಚೆಂದದ ಸಾಲಿನಲ್ಲಿ ಬೆರೆತುಹೋಗಿದ್ದವು. ನೌಕೆಯ ಪ್ರತಿ ಹಂಚಿಗೂ ಅದರದೇ ನಂಬರು, ಅದರದೇ ಜಾಗ ಇರುತ್ತದೆಂದು ಊರೆಲ್ಲ ಸಾರಿದವನು ನಾನೇ! ನಾಚಿಕೆಯಾಯಿತು. ಮೋಡ ನೋಡಿದ ಮೇಲೆ ಹೆದರಿಕೆಯೂ ಆಯಿತು.

“ಇರಲಿ ಬಿಡ್ರಿ, ಮೊದಲಿಂದ ಹಿಡಿಯೂಣು” ಎಂದ ಕಲ್ಲಪ್ಪಣ್ಣ.

ಅತ್ತೆ ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕಿಳಿದು ನನ್ನ ಕಡೆ ತಿರುಗಿದರು. “ನೀವು ಸುಮ್ನ ಕುಂದರ್ರಿ. ಸಂತ್ಯಾಗ ಮಣ್ಣಿನ ಗಡಗಿ ಬಾರಿಸಿ ತಗೊಳ್ಳೂದು ನಮಗೇನು ಹೊಸಾದಲ್ಲ” ಎಂದರು. ಬಾಜೂ ಮನೆಯ ಮರಾಠಿ ಮಾತಿನ ಹೆಂಗಸರು ಇಬ್ಬರು ಬಂದು ಕೂತರು. ಎರಡು ದಿನ ಅಂಗಳವೆಲ್ಲ ಖಣ್ ಖಣ್. ಮರುದಿನ ಕೂತು ಬಾರಿಸಲು ನನಗೂ ಒಂದು ಮೂಲೆ ಸಿಕ್ಕಿತು. ಹೊಚ್ಚ ಹೊಸದರಂತಿದ್ದ ಒಂದು ಹಂಚು ಬದ್ ಎಂದಿತು. ಕಲ್ಲಪ್ಪಣ್ಣ ಅದಕ್ಕೆ ನೀರು ಸವರಿದ. ಕೂದಲೆಳೆಯಷ್ಟು ಬಿರುಕು ಈ ತುದಿಯಿಂದ ಆ ತುದಿಗೆ ಮೂಡಿತು. ನನ್ನ ಕೈಗೆ ಬಿಟ್ಟಿದ್ದರೆ ಅದನ್ನೇ ಆರಿಸಿ ತೊಟ್ಟಿಲ ನೇರಕ್ಕೆ ಇಡಿಸುತ್ತಿದ್ದೆ.

ಮೂರನೆಯ ದಿನ ಕೊನೆಯ ಸಾಲು ಮುಗಿದು, ಕೂಸು ಒಳಗೆ ಬಂದು ಗಳಿಗೆಯಾಗಿರಲಿಲ್ಲ, ಮಳೆ ಸುರಿಯಿತು. ಎಲ್ಲರೂ ಕೂಸನ್ನು ನೋಡುತ್ತಿದ್ದರು, ನಾನು ಮೇಲೆ ನೋಡುತ್ತಿದ್ದೆ. ತೊಯ್ದುಕೊಂಡೇ ಬಂದ ಕಲ್ಲಪ್ಪಣ್ಣ ಹೊಸ್ತಿಲಲ್ಲಿ ನಿಂತು ಮೊದಲು ಮಾಡು ನೋಡಿದ, ಆಮೇಲೆ ನೆಲ ನೋಡಿದ. ಒಂದು ಹನಿಯೂ ಇರಲಿಲ್ಲ.

“ಈಗ ತೋರಸ್ರಿ ಕೂಸಿನ್ನ” ಎಂದ.

ಅಂದಿನಿಂದ ನನ್ನ ಭಾಷಣ ಮೊಟಕಾಯಿತು. ಬಸ್ಸಿನಂತೆ ಹೋಗಿ ಬರುವ ನೌಕೆ ಬಂದೇ ಬರುತ್ತದೆ, ಅನುಮಾನವಿಲ್ಲ. ಹೊದಿಕೆ ಗಟ್ಟಿಯಾಗುತ್ತದೆ, ಬಿರುಕು ಹುಡುಕುವ ಯಂತ್ರ ಚುರುಕಾಗುತ್ತದೆ. ಸಾಮಾನು ಹೊರುವ ನೌಕೆ ಬೇಕಾದಷ್ಟು ಅವಸರ ಮಾಡಲಿ. ಮಂದಿ ಕೂತದ್ದಕ್ಕೆ ಮಾತ್ರ, ಹೊತ್ತಾದರೂ ಬಾರಿಸಿ ನೋಡುವವರು ಬೇಕು.

“ಅಪ್ಪಾ, ಎಲ್ಲಿ ಅದೀ? ಅಂಥಾ ದಿನ ಬಂದ್ರ ನಾನೂ ಹೋಗಾಕೀನ” ಎಂದಳು ಮಗಳು, ಅಂದು ತೊಟ್ಟಿಲಲ್ಲಿದ್ದವಳು.

“ಹೋಗವ್ವಾ, ಖರೇನ ಹೋಗು” ಎಂದೆ. “ಆದ್ರ ಇವತ್ತ ಹಾರೂದು ಬ್ಯಾಡ, ಇನ್ನೊಮ್ಮೆ ನೋಡತೀವಿ ಅಂತ ಯಾರರೆ ಅಂದ್ರ, ಅವರ ಜೋಡಿ ಜಗಳಾ ತಗೀಬ್ಯಾಡ.”