ಎಂಟು ಎತ್ತು ಎಳೆಯದ ಸಾಲು

೧೯೪೮ರ ಬೇಸಿಗೆ. ನಾನಾಗ ಸಂಸ್ಥಾನದ ಕೃಷಿ ಖಾತೆಯಲ್ಲಿ ಫೀಲ್ಡ್‌ಮನ್. ಆಳಂದ, ಅಫಜಲಪುರ, ಜೇವರ್ಗಿಯ ಎರೆಹೊಲಗಳಲ್ಲಿ ಆಳ ಉಳುಮೆಯ ಮಹಿಮೆ ಸಾರುವುದು ನನಗೆ ವಹಿಸಿದ್ದ ಧರ್ಮಪ್ರಚಾರ. ದೇವರ ಸ್ಥಾನದಲ್ಲಿ ದೊಡ್ಡದೊಂದು ಕಬ್ಬಿಣದ ನೇಗಿಲಿತ್ತು. ನಾಲ್ಕು ಜೋಡಿ ಎತ್ತು ಕಟ್ಟಿದರೆ ಒಂದಡಿ ಆಳಕ್ಕಿಳಿದು ಹಠಮಾರಿ ಕುಂದ ಹುಲ್ಲನ್ನು ಬೇರುಸಹಿತ ಮಗುಚುತ್ತಿತ್ತು. ಅದರ ಮುಂಭಾಗದಲ್ಲಿ ಪುಟ್ಟ ಗಾಲಿ. ತಿರುಪು ತಿರುಗಿಸಿ ಗಾಲಿಯನ್ನು ಮೇಲೆತ್ತಿದಷ್ಟೂ ಕುಳ ಆಳಕ್ಕಿಳಿಯುತ್ತದೆ. ಒಮ್ಮೆಲೇ ಪೂರ್ತಿ ಎತ್ತಬಾರದು, ಎತ್ತುಗಳು ನಿಂತುಬಿಡುತ್ತವೆ ಎಂಬುದು ನನ್ನ ಮೊದಲ ಉಪದೇಶ.

ಆ ದಿನಗಳಲ್ಲಿ ಬಂದೂಕು ಹಿಡಿದ ಗುಂಪುಗಳು ಊರಿಗೆ ನುಗ್ಗುತ್ತಿದ್ದವು. ಧಾನ್ಯ ಹೊತ್ತೊಯ್ಯುತ್ತಿದ್ದರು, ಹೆಣ್ಣುಮಕ್ಕಳನ್ನೂ. ಅಂಥ ಕಾಲದಲ್ಲಿ ಹುಲ್ಲಿನ ಬೇರಿನ ಚಿಂತೆ ಮಾಡಲು ಖಾತೆಗೆ ಮಾತ್ರ ಸಾಧ್ಯ.

ಮಣ್ಣೂರಿನ ರೈತ ಮಲ್ಲಣ್ಣನ ಹೊಲದಲ್ಲಿ ಪ್ರಾತ್ಯಕ್ಷಿಕೆ ನಡೆದಿತ್ತು. ನಾನು ನೇಗಿಲಿನ ಮೇಲೆ ಬಗ್ಗಿದ್ದೆ. ಬಂಡಿದಾರಿಯಲ್ಲಿ ಧೂಳೆದ್ದಿತು. ಮಲ್ಲಣ್ಣ ಮುಂದಿನ ಎತ್ತುಗಳನ್ನು ಸರ್ರನೆ ಪಕ್ಕಕ್ಕೆಳೆದ.

"ಏನಯ್ಯಾ, ಇದು ಸಾಲೋ ಹಾವೋ?" ಎಂದು ಗದರಿದೆ.

ಅವನು ಕಿವಿಯ ಬಳಿ ಬಂದ. "ಸುಮ್ಮ ಇರ್ರಿ ಸಾಹೇಬ್ರ. ಆ ಕಣಿಕಿ ಬಣವಿ ಬಾಜೂಕ ಖಾಲಿ ಹಗೇವು ಐತಿ. ಮಗಳು, ಸೊಸಿ ಈಗ ಅದರಾಗ ಇಳದಾರ."

ಹಗೇವೆಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಒಳಗಿಳಿದವರು ಅದರ ಬಾಯಿಗೆ ಕಣಿಕೆ, ಅಂದರೆ ಒಣಗಿದ ಜೋಳದ ದಂಟು, ಎಳೆದುಕೊಂಡಿದ್ದರು. ಉಳಿದ ಛಾವಣಿ ಬರೀ ಮಣ್ಣು. ಎಂಟು ಎತ್ತು ಅದರ ಮೇಲೆ ಹೋದರೆ ಕುಸಿಯುವುದರಲ್ಲಿ ಸಂಶಯವಿರಲಿಲ್ಲ.

ಐವರು ಬಂದರು. ಮುಂದಾಳು ಬಂದೂಕನ್ನು ಕೊಡೆಯಂತೆ ಹೆಗಲಿಗಿಟ್ಟುಕೊಂಡಿದ್ದ. ಸಾಲುಗಳನ್ನು ನೋಡಿದ.

"ಯಾಕ್ಲೇ, ಎಲ್ಲಾ ನೆಟ್ಟಗ ಅದಾವ, ಇದೊಂದ್ಯಾಕ ಹೊಳ್ಳೇತಿ?"

"ಎತ್ತು ಬೆದರಿದವು ಸಾಬ್," ಎಂದೆ. ಬೆದರಿದ ಪ್ರಾಣಿಗಳ ಪಟ್ಟಿಯಲ್ಲಿ ನನ್ನ ಹೆಸರು ಹೇಳಲಿಲ್ಲ.

"ಹಂಗಾರ ಮತ್ತ ಹೊಡಿರಿ. ಬಣವಿ ತನಕ ಸೀದಾ. ನಾ ನೋಡತೇನಿ."

ಬಣವೆ ಕೂಗಳತೆಯಷ್ಟು ದೂರವೂ ಇರಲಿಲ್ಲ, ಕೆಮ್ಮಿದರೆ ಕೇಳುವಷ್ಟು ಹತ್ತಿರ. ನೇಗಿಲು ಪರೀಕ್ಷಿಸುವ ಗಾಂಭೀರ್ಯದಲ್ಲಿ ಬಗ್ಗಿ, ಬೆವರಿಗೆ ಜಾರುವ ತಿರುಪನ್ನು ಕೊನೆಯವರೆಗೂ ತಿರುಗಿಸಿದೆ. ಗಾಲಿ ಗಾಳಿಯಲ್ಲಿ ತೂಗಿತು.

"ಹೊಡಿ ಮಲ್ಲಣ್ಣ."

ಕುಳ ಕುತ್ತಿಗೆಯವರೆಗೆ ನೆಲದಲ್ಲಿ ಮುಳುಗಿ ನಿಂತಿತು. ಮಲ್ಲಣ್ಣ ಬಾರುಕೋಲಿನಿಂದ ಗಾಳಿಗೆ ಹೊಡೆಯುತ್ತ ಗಂಟಲು ಹರಿಯುವಂತೆ ಕೂಗಿದ. ಎತ್ತುಗಳು ಮಂಡಿಯೂರಿದವು. ಸರಪಳಿ ಕಿರುಗುಟ್ಟಿ, ಗುಂಡು ಹಾರಿದ ಸದ್ದಿನಲ್ಲಿ ತುಂಡಾಯಿತು. ಒಬ್ಬ ಬೆಚ್ಚಿಬಿದ್ದು ಬಂದೂಕನ್ನು ನನ್ನ ಎದೆಗೆ ಗುರಿಯಿಟ್ಟ. ಯಾರೂ ಅಲುಗಲಿಲ್ಲ.

ಮುಂದಾಳು ಸರಪಳಿಯ ತುಂಡನ್ನು ಕಾಲಿನಿಂದ ಒದ್ದು ನಕ್ಕ. "ವಾಹ್ ರೇ ಸರ್ಕಾರಿ ನೇಗಿಲ! ಎಂಟು ಎತ್ತಿಗೆ ಒಂದು ಸಾಲಿಲ್ಲ. ಚಲೋ, ನಡೀರಲೇ, ಇಲ್ಲೇನ್ ನೋಡತೀರಿ?"

ಖಾತೆಯ ಪರವಾಗಿ ಆ ಅವಮಾನವನ್ನು ತಲೆಬಾಗಿ ಸ್ವೀಕರಿಸಿದೆ.

ಅವರ ಧೂಳು ಕಣ್ಮರೆಯಾದ ಮೇಲೆ ಕಣಿಕೆ ಸರಿಸಿದೆವು. ಮಗಳು ಸಂಗವ್ವ ತಲೆತುಂಬ ಮಣ್ಣಿನೊಡನೆ ಮೇಲೆ ಬಂದಳು. "ಅಪ್ಪಾ, ಮ್ಯಾಲಿಂದ ಮಣ್ಣು ಉದುರಾಕತ್ತಿತ್ತು. ಅತ್ತಿಗಿ ನನ್ನ ಬಾಯಿ ಒತ್ತಿ ಹಿಡದಿದ್ಲು."

"ಇಲ್ಲಾಂದ್ರ ಈಕಿ ಹೊಳಿ ಆಚಿಗೂ ಕೇಳೂವಂಗ ಒದರತಿದ್ಲರಿ," ಎಂದಳು ಸೊಸೆ. ಆಮೇಲೆ ಅವಳೇ ಕುಸಿದು ಕೂತು ಅತ್ತಳು.

ನೇಗಿಲನ್ನು ಆರಿಸುವಾಗ ಮಣ್ಣು, ಹುಲ್ಲು, ಎತ್ತಿನ ಬಲ ನೋಡಬೇಕೆಂದು ಖಾತೆ ಕಲಿಸಿತ್ತು. ಅಂದಿನಿಂದ ಕುಳ ಇಳಿಸುವ ಮೊದಲು "ಕೆಳಗೇನಿದೆ?" ಎಂದೂ ಕೇಳತೊಡಗಿದೆ. ಬಹಳ ಮಂದಿ ನಗುತ್ತಿದ್ದರು, "ಮಣ್ಣು ಐತ್ರಿ ಸಾಹೇಬ್ರ!" ನಗದೆ ಇದ್ದವರು ಎಲ್ಲಿ ಬೆರಳು ತೋರಿಸಿದರೋ ಅಲ್ಲಿ ನೇಗಿಲನ್ನು ಎತ್ತಿ ದಾಟಿಸಿದೆ. ಕಾರಣ ಕೇಳಲಿಲ್ಲ.